ಕಂಕನಾಡಿಯ ಫಾದರ್ ಮುಲ್ಲರ್

ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮಂಥ ವಿದ್ಯಾರ್ಥಿಗಳಿಗೆ ಮಂಗಳೂರು ಎಂದೊಡನೆ ನೆನಪಾಗುವ ಜರ್ಮನ್ ಹೆಸರು ಒಂದೇ ಒಂದು. ಅದು ಕಿಟೆಲ್ ಅವರದು. 1894ರಲ್ಲಿ ಆ ಊರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದ ಅವರ ನಿಘಂಟಿನ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಗಳಾರು? ಆ ಮಹನೀಯರಿಗೆ ಸಲ್ಲಬೇಕಾದ ಗೌರವ ಸಂದಿದೆ. ಅದು ಯೋಗ್ಯವೂ ಆಗಿದೆ. ಆದರೆ ಅದೇ ಕಾಲದಲ್ಲಿ, ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ, ಇನ್ನೊಬ್ಬ ಜರ್ಮನರು ಬೇರೆ ಬಗೆಯ ಕೆಲಸದಲ್ಲಿ ತೊಡಗಿದ್ದರು. ಅವರು ಶಬ್ದಗಳನ್ನು ಸಂಗ್ರಹಿಸಲಿಲ್ಲ. ಹೆತ್ತವರೂ ಒಡಹುಟ್ಟಿದವರೂ ಹೊರಗೆ ಹಾಕಿದ ಕುಷ್ಠರೋಗಿಗಳನ್ನು ಒಂದೆಡೆ ಸೇರಿಸಿ, ಅವರಿಗೆ ಸೂರು ಕಲ್ಪಿಸಿ, ಅವರ ಹುಣ್ಣುಗಳನ್ನು ತೊಳೆದು ಕಟ್ಟುವ ಏರ್ಪಾಡು ಮಾಡಿದರು. ಅವರೇ ಫಾದರ್ ಆಗಸ್ಟಸ್ ಮುಲ್ಲರ್.

ಈ ಹೆಸರು ನಮ್ಮ ಸೀಮೆಗೆ ತೀರ ಅಪರಿಚಿತವೇನೂ ಅಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಎರೆ ಹೊಲಗಳಲ್ಲಿ ಕಡಲೆ ಕಿತ್ತು, ಬಿಳಿಜೋಳದ ರಾಶಿ ಮುಗಿದ ಮೇಲೆ, ಮತ್ತೆ ಮಳೆ ಬೀಳುವ ತನಕ ಕೈಗೆ ಕೆಲಸವಿಲ್ಲದ ಜನ ಮಂಗಳೂರಿನ ಕಡೆಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ತಂದೆಯವರೂ ಹಾಗೆ ಅನೇಕ ಬೇಸಗೆಗಳನ್ನು ಅಲ್ಲಿ ಕಳೆದವರು. ಹಬ್ಬಕ್ಕೆ ಊರಿಗೆ ಬಂದಾಗ ಅವರ ಮಾತಿನಲ್ಲಿ ಕಂಕನಾಡಿ ಬರುತ್ತಿತ್ತು, ಮುಲ್ಲರ್ ದವಾಖಾನೆ ಬರುತ್ತಿತ್ತು. ಮುಲ್ಲರ್ ಎಂದರೆ ಯಾರು ಎಂದು ಕೇಳಿದರೆ ಅವರಿಗೂ ತಿಳಿಯದು. ಕಟ್ಟಡ ಕಟ್ಟಿಸಿದ ಗುತ್ತೇದಾರನಿರಬೇಕೆಂದು ಅವರ ಜೊತೆಗಾರರೊಬ್ಬರು ನಿರ್ಧಾರವಾಗಿಯೇ ಹೇಳಿದ್ದುಂಟು! ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿದ್ದನ್ನು ಮನೆಯಲ್ಲಿ ತಿಳಿಸಿ ಹೇಳುವ ಹೊಣೆಯೂ ಸಹಜವಾಗಿ ನನ್ನ ಮೇಲೆಯೇ ಇದೆ. ಹೀಗಾಗಿ ಮುಲ್ಲರರು ಯಾರೆಂದು ತಂದೆಯವರಿಗೆ ಹೇಳುವುದಕ್ಕಾಗಿ ನಾನು ತಿಳಿದುಕೊಂಡ ಸಂಗತಿಗಳನ್ನು ಓದುಗ ಮಿತ್ರರ ಮುಂದೆಯೂ ಇಡುತ್ತಿದ್ದೇನೆ.

ಮುಲ್ಲರರು ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ. ಅವರು ಯೇಸುಸಭೆ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘಕ್ಕೆ ಸೇರಿದವರು. 1872ರಲ್ಲಿ ಬಿಸ್ಮಾರ್ಕನ ಸರಕಾರವು ಕಾನೂನು ಮಾಡಿ ಆ ಸಂಘವನ್ನೇ ಜರ್ಮನಿಯಲ್ಲಿ ನಿಷೇಧಿಸಿತು. ತಾಯ್ನಾಡಿನಲ್ಲಿ ನೆಲೆ ತಪ್ಪಿದ ಸಂಘದ ಸದಸ್ಯರು ಜಗತ್ತಿನ ನಾನಾ ಮೂಲೆಗಳಲ್ಲಿ ಕೆಲಸ ಮಾಡುತ್ತಿದ್ದ ಕಾಲವದು. 1878ರಲ್ಲಿ ಮಂಗಳೂರಿನ ಕ್ಯಾಥೊಲಿಕ್ ಮಿಷನ್ನಿನ ಆಡಳಿತವನ್ನು ರೋಮಿನ ಪೋಪರು ಇದೇ ಸಂಘದ ವೆನಿಸ್ ಶಾಖೆಗೆ ವಹಿಸಿದರು. ಆ ವರ್ಷದ ಕೊನೆಯ ದಿನ, ಅಂದರೆ ಡಿಸೆಂಬರ್ 31ರಂದು, ಮೊದಲ ತಂಡದ ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. ಮುಲ್ಲರರು ಆ ತಂಡದಲ್ಲಿದ್ದರು. ಮುಂದೆ ಕೊಂಕಣಿ ವ್ಯಾಕರಣವನ್ನೂ ಕೊಂಕಣಿ ನಿಘಂಟನ್ನೂ ರಚಿಸಿದ ಆಂಜೆಲೊ ಮಾಫೆಯಿ ಅವರೂ ಅದೇ ತಂಡದವರು.

ಆಗಿನ ಮಂಗಳೂರನ್ನು ಈಗಿನಂತೆ ಊಹಿಸಿಕೊಳ್ಳಬಾರದು. ಅದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಊರು. ರೈಲು ಅಲ್ಲಿಗೆ ಬಂದುದು 1907ರಲ್ಲಿ. ಅದಕ್ಕೆ ಮೊದಲು ಹೋಗುವುದಿದ್ದರೆ ಹಡಗಿನಲ್ಲಿ ಹೋಗಬೇಕು, ಇಲ್ಲವೆ ಘಟ್ಟವಿಳಿದು ಬಂಡಿಯಲ್ಲಿ ಹೋಗಬೇಕು. ನಮ್ಮ ರೋಣ ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1956ರ ಏಕೀಕರಣದವರೆಗೆ ಅವರದು ಒಂದು ಆಡಳಿತ, ನಮ್ಮದು ಇನ್ನೊಂದು. ಮುಲ್ಲರರ ಹೆಸರು ನಮ್ಮ ಹಿರಿಯರ ಕಿವಿಗೆ ಬೀಳದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

1880ರಲ್ಲಿ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಮುಲ್ಲರರಿಗೆ ಒಪ್ಪಿಸಿದ ಕೆಲಸ ಪಾಠ ಹೇಳುವುದು. ಅವರು ವೈದ್ಯರಾಗಿ ಬಂದವರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವರ ಬಳಿ ಇದ್ದುದು ಹೋಮಿಯೋಪಥಿ ಔಷಧಗಳ ಒಂದು ಪೆಟ್ಟಿಗೆ, ಆ ಪದ್ಧತಿಯಲ್ಲಿ ಅವರಿಗಿದ್ದ ನಂಬಿಕೆ ಮತ್ತು ಅಭ್ಯಾಸ. ಹುಡುಗರಿಗೆ ಜ್ವರ, ಹೊಟ್ಟೆನೋವು ಬಂದರೆ ಪೆಟ್ಟಿಗೆ ತೆರೆದು ಸಕ್ಕರೆ ಗುಳಿಗೆ ಕೊಡುವುದು, ಹುಡುಗರಿಂದ ಸುದ್ದಿ ಅವರವರ ಮನೆಗೆ ಹೋಗುವುದು, ಮನೆಯವರು ಬರುವುದು, ಅವರ ಹಿಂದೆ ನೆರೆಯವರು ಬರುವುದು. ಅದೇ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಆರಂಭವಾಯಿತು. ಮೊದಲು ಅದಕ್ಕೆ ಕಟ್ಟಡವಿರಲಿಲ್ಲವೆಂದೂ ಆಲದ ಮರದ ನೆರಳೇ ದವಾಖಾನೆಯಾಗಿತ್ತೆಂದೂ ಹೇಳುತ್ತಾರೆ. ಕ್ರಮೇಣ ಔಷಧಗಳನ್ನು ಅಂಚೆಯ ಮೂಲಕ ದೂರದೂರದ ಊರುಗಳಿಗೆ ಕಳಿಸತೊಡಗಿದರು. ಹಾಗೆ ಮಾರಾಟದಿಂದ ಬಂದ ಹಣ ಬಡವರ ಶುಶ್ರೂಷೆಗೆ ಒದಗಿತು. ವ್ಯಾಪಾರವನ್ನೂ ಧರ್ಮವನ್ನೂ ಒಂದೇ ನೊಗಕ್ಕೆ ಕಟ್ಟಿದ ಈ ಜಾಣ್ಮೆ ನನಗೆ ಬಹಳ ಮೆಚ್ಚಿಗೆಯಾಯಿತು. ಪಾದ್ರಿಯಾದರೇನು, ಲೆಕ್ಕ ತಿಳಿಯದವನಿಂದ ದಾನವೂ ಬಹುದಿನ ನಡೆಯದು.

ಹೋಮಿಯೋಪಥಿಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳಿ ಮುಂದೆ ಹೋಗುತ್ತೇನೆ. ಕುಷ್ಠರೋಗದ ಕ್ರಿಮಿಯನ್ನು ಆ ಸಕ್ಕರೆ ಗುಳಿಗೆಗಳು ಕೊಲ್ಲುತ್ತವೆಂದು ವಿಜ್ಞಾನ ಒಪ್ಪಿಲ್ಲ. ಆದುದರಿಂದ ಮುಲ್ಲರರು ಕುಷ್ಠವನ್ನು ಗುಣಪಡಿಸಿದರೆಂದು ಬರೆದರೆ ಅದು ಸತ್ಯಕ್ಕೆ ದೂರವಾದೀತು. ಅವರ ಹಿರಿಮೆ ಅದರಲ್ಲಿಲ್ಲ. ಅದು ಎಲ್ಲಿದೆ ಎಂಬುದನ್ನು ತಿಳಿಯಲು ಆ ರೋಗದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಚರ್ಮಕ್ಕೆ ಕ್ರಿಮಿಗಳಿಂದ ಬರುವ ರೋಗಗಳು ನಮಗೆ ಹೊಸತಲ್ಲ. ಬೇಸಗೆಯಲ್ಲಿ ಮಕ್ಕಳ ತಲೆಯಲ್ಲಿ ಏಳುವ ಕುರು, ಮೂಗು ಬಾಯಿಗಳ ಸುತ್ತ ಜೇನಿನ ಬಣ್ಣದ ಹೊಪ್ಪಳೆ ಕಟ್ಟುವ ಹುಣ್ಣು, ಮುಳ್ಳು ಚುಚ್ಚಿ ಕೆಂಪಗೆ ಬಾತುಕೊಳ್ಳುವ ಕಾಲು ಇವೆಲ್ಲ ಬಹುಮಟ್ಟಿಗೆ ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಗಳ ಕೆಲಸ. ಇವು ಬೇಗ ಬೆಳೆಯುತ್ತವೆ, ನೋವು ಕೊಡುತ್ತವೆ, ಕೀವು ಕಟ್ಟುತ್ತವೆ. ನೋಯುವುದರಿಂದಲೇ ಮನುಷ್ಯ ಎಚ್ಚರಗೊಂಡು ಸಾಬೂನಿನಿಂದ ತೊಳೆದುಕೊಳ್ಳುತ್ತಾನೆ, ದವಾಖಾನೆಗೆ ಓಡುತ್ತಾನೆ. ಕುಷ್ಠದ ಕ್ರಿಮಿಯ ನಡೆ ಇದಕ್ಕೆ ತೀರ ವಿರುದ್ಧ. ಅದು ಒಂದು ಎರಡಾಗುವುದಕ್ಕೆ ಹನ್ನೆರಡರಿಂದ ಹದಿನಾಲ್ಕು ದಿನ ಬೇಕು. ದೇಹವನ್ನು ಹೊಕ್ಕ ಮೇಲೆ ರೋಗ ಹೊರಗೆ ಕಾಣಲು ಸಾಮಾನ್ಯವಾಗಿ ಐದು ವರ್ಷ. ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಬಂದಾಗ ಅದು ನೋವಿನಿಂದ ಬರುವುದಿಲ್ಲ, ನೋವಿಲ್ಲದಿರುವುದರಿಂದ ಬರುತ್ತದೆ. ಮೈಮೇಲೆ ಮಾಸಲು ಬಿಳುಪಿನ ಅಥವಾ ತುಸು ಕೆಂಪಗಿನ ಒಂದು ಮಚ್ಚೆ. ಅದು ತುರಿಸದು, ಉರಿಯದು. ಹತ್ತಿಯ ಎಳೆಯಿಂದ ಸವರಿದರೂ ಅಲ್ಲಿ ಏನೂ ತಿಳಿಯದು. ಕ್ರಿಮಿಯು ಚರ್ಮದೊಂದಿಗೆ ನರಗಳನ್ನೂ ಹಿಡಿದಿರುತ್ತದೆ. ಹಾಲಿನಂತೆ ಅಚ್ಚ ಬಿಳುಪಾಗುವ ತೊನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ. ತೊನ್ನು ಕ್ರಿಮಿಯಿಂದ ಬರುವುದಲ್ಲ, ತಗಲುವುದೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಎರಡನ್ನೂ ಒಂದೇ ಎಂದು ಎಣಿಸಿ, ತೊನ್ನಿನವರನ್ನೂ ದೂರವಿಡುವುದನ್ನು ಕಂಡಿದ್ದೇನೆ.

ಕೈಕಾಲುಗಳ ಬೆರಳು ಉದುರಿ ಬೀಳುತ್ತವೆ ಎಂದು ಜನ ಹೇಳುವ ಮಾತೂ ಪೂರ್ತಿ ನಿಜವಲ್ಲ. ನಮ್ಮ ಎರೆಯಲ್ಲಿ ಬರಿಗಾಲಲ್ಲಿ ನಡೆಯುವ ರೈತನನ್ನು ನೆನೆಯಿರಿ. ಜಾಲಿಮುಳ್ಳು ಚುಚ್ಚಿದರೆ ಅವನು ನಿಂತು, ಮುಳ್ಳು ತೆಗೆದು, ಎರಡು ದಿನ ಕುಂಟುತ್ತಾ ನಡೆದು ಗಾಯ ಮಾಯಲು ಅವಕಾಶ ಕೊಡುತ್ತಾನೆ. ಅಂಗಾಲಿನ ನರ ಸತ್ತವನಿಗೆ ಮುಳ್ಳು ನೆಟ್ಟದ್ದೇ ತಿಳಿಯದು. ಅದೇ ಕಾಲ ಮೇಲೆ ದಿನವಿಡೀ ಭಾರ ಹಾಕಿ ನಡೆಯುತ್ತಾನೆ. ಹೆಂಗಸಾದರೆ ಒಲೆಯ ಮೇಲಿನ ಕಾದ ಪಾತ್ರೆಯನ್ನು ಬರಿಗೈಯಿಂದ ಹಿಡಿದು ಇಳಿಸುತ್ತಾಳೆ. ಬೊಬ್ಬೆ ಎದ್ದದ್ದು ಆಮೇಲೆ ಕಣ್ಣಿಗೆ ಕಂಡಾಗಲೇ ಗೊತ್ತು. ಆ ಗಾಯದೊಳಗೆ ಮೊದಲು ಹೇಳಿದ ಕೀವಿನ ಕ್ರಿಮಿಗಳು ಸೇರುತ್ತವೆ, ಹುಣ್ಣು ಎಲುಬಿನವರೆಗೆ ಇಳಿಯುತ್ತದೆ, ಎಲುಬು ಸವೆದು ಬೆರಳು ಮೋಟಾಗುತ್ತದೆ. ಅಂದರೆ ಕುಷ್ಠದ ಕ್ರಿಮಿ ಬಾಗಿಲು ತೆರೆದು ಕೊಡುತ್ತದೆ. ಮನೆಯನ್ನು ಕೊಳ್ಳೆ ಹೊಡೆಯುವುದು ಬೇರೆಯ ಕ್ರಿಮಿಗಳು. ಈ ಹುಣ್ಣನ್ನು ದಿನಾಲೂ ತೊಳೆದು, ಶುದ್ಧವಾದ ಬಟ್ಟೆ ಕಟ್ಟಿ, ಕಾಲಿಗೆ ವಿಶ್ರಾಂತಿ ಕೊಟ್ಟರೆ, ಮೂಲರೋಗ ಹಾಗೆಯೇ ಉಳಿದರೂ ಹುಣ್ಣು ಮಾಯಬಲ್ಲುದು, ಬೆರಳು ಉಳಿಯಬಲ್ಲುದು. ಇಂದಿಗೂ ಕುಷ್ಠದ ಆಸ್ಪತ್ರೆಗಳಲ್ಲಿ ಕಲಿಸುವುದು ಇದನ್ನೇ. ದಿನಾಲೂ ಕಾಲನ್ನು ನೀರಿನಲ್ಲಿ ನೆನೆಯಿಡಬೇಕು, ದಡ್ಡುಗಟ್ಟಿದ ಚರ್ಮವನ್ನು ಕಲ್ಲಿನಿಂದ ಉಜ್ಜಿ ತೆಗೆಯಬೇಕು, ಎಣ್ಣೆ ಹಚ್ಚಬೇಕು, ಮೆತ್ತಗಿನ ರಬ್ಬರಿನ ಚಪ್ಪಲಿ ಹಾಕಬೇಕು, ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಬೇಕು.

ಇಷ್ಟು ತಿಳಿದ ಮೇಲೆ 1890ನೆಯ ವರ್ಷಕ್ಕೆ ಬರೋಣ. ಆ ವರ್ಷ ಮುಲ್ಲರರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ತೆರೆದರು. ಅದರ ಹಿಂದಿನ ವರ್ಷವಷ್ಟೇ ಪೆಸಿಫಿಕ್ ಸಾಗರದ ಮೊಲೊಕಾಯಿ ದ್ವೀಪದಲ್ಲಿ ಫಾದರ್ ಡೇಮಿಯನ್ ತೀರಿಕೊಂಡಿದ್ದರು. ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಬಾಳಿ, ಅವರ ರೋಗವನ್ನೇ ಹೊತ್ತು ಸತ್ತ ಆ ಬೆಲ್ಜಿಯನ್ ಪಾದ್ರಿಯ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಈ ಕೆಲಸಕ್ಕೆ ಕೈಹಾಕಿದರೆ ಏನಾಗಬಹುದೆಂಬುದು ಆಗ ಯಾರಿಗೂ ಗುಟ್ಟಾಗಿರಲಿಲ್ಲ. ಬಹುಪಾಲು ಜನರ ದೇಹ ಈ ಕ್ರಿಮಿಯನ್ನು ತಾನಾಗಿಯೇ ತಡೆಯಬಲ್ಲುದೆಂಬ ಧೈರ್ಯದ ಮಾತು ಆ ದಿನಗಳಲ್ಲಿ ಇನ್ನೂ ಖಚಿತವಾಗಿ ಗೊತ್ತಿರಲಿಲ್ಲ. ಎದುರಿಗೆ ಡೇಮಿಯನ್ನರ ಮರಣವಿದ್ದಾಗಲೂ ಮುಲ್ಲರರು ಬಾಗಿಲು ತೆರೆದರು.

ಆಗ ವಿಜ್ಞಾನದ ಕೈಯಲ್ಲಿ ಏನಿತ್ತು? 1873ರಲ್ಲಿಯೇ ನಾರ್ವೆಯ ಬರ್ಗೆನ್ ಪಟ್ಟಣದ ವೈದ್ಯ ಹ್ಯಾನ್ಸನ್ನರು ಈ ರೋಗದ ಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಇದು ಪೂರ್ವಜನ್ಮದ ಪಾಪವೂ ಅಲ್ಲ, ವಂಶದಲ್ಲಿ ಇಳಿದುಬರುವ ಶಾಪವೂ ಅಲ್ಲ ಎಂಬುದಕ್ಕೆ ಆಧಾರ ದೊರೆತಿತ್ತು. ಆದರೆ ಕಳ್ಳನ ಮುಖ ಕಂಡ ಮಾತ್ರಕ್ಕೆ ಕಳ್ಳ ಸಿಕ್ಕಿದಂತಾಗುವುದೇ? ಔಷಧವೆಂದು ಇದ್ದುದು ಗರುಡಫಲದ ಜಾತಿಯ ಬೀಜಗಳಿಂದ ತೆಗೆದ ಎಣ್ಣೆಯೊಂದೇ. ಆ ಜಾತಿಯ ಮರಗಳು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಉಂಟು. ಕುಡಿದರೆ ವಾಂತಿ ತರಿಸುವ ಆ ಎಣ್ಣೆಯಿಂದ ಕೆಲವರಿಗೆ ತುಸು ಗುಣ ಕಂಡಿರಬಹುದು; ರೋಗ ಬುಡಸಹಿತ ಹೋಗುತ್ತಿರಲಿಲ್ಲ. ಸರಕಾರಗಳಿಗೆ ತೋಚಿದ ದಾರಿ ರೋಗಿಯನ್ನು ಬೇರ್ಪಡಿಸುವುದು. 1897ರಲ್ಲಿ ಬರ್ಲಿನ್ನಿನಲ್ಲಿ ಕೂಡಿದ ತಜ್ಞರ ಸಭೆಯೂ ಅದನ್ನೇ ಒಪ್ಪಿತು. ಮರುವರ್ಷ, 1898ರಲ್ಲಿ, ಬ್ರಿಟಿಷ್ ಸರಕಾರ ಭಾರತದಲ್ಲಿ ಕುಷ್ಠರೋಗಿಗಳ ಕಾಯಿದೆಯನ್ನು ತಂದಿತು. ಭಿಕ್ಷೆ ಬೇಡುವ ರೋಗಿಯನ್ನು ವಾರಂಟ್ ಇಲ್ಲದೆ ಹಿಡಿಯಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು.

ಕಾಯಿದೆಗೆ ಎಂಟು ವರ್ಷ ಮೊದಲೇ ಹುಟ್ಟಿದ ಮುಲ್ಲರರ ಆಶ್ರಮಕ್ಕೂ ಕಾಯಿದೆ ಕಟ್ಟಿಸಿದ ಆಶ್ರಮಗಳಿಗೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಎರಡರಲ್ಲೂ ರೋಗಿ ಊರಿನಿಂದ ಬೇರೆಯೇ. ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಊರಿನ ಆರೋಗ್ಯ ಕೆಡದಿರಲೆಂದು ರೋಗಿಯನ್ನು ಕೂಡಿಹಾಕುವುದು ಬೇರೆ, ರೋಗಿಯ ಹುಣ್ಣು ಮಾಯಲೆಂದು ಅವನನ್ನು ಕರೆದುಕೊಳ್ಳುವುದು ಬೇರೆ. ಅನ್ನ, ಹಾಸಿಗೆ, ಹುಣ್ಣಿಗೆ ಪಟ್ಟಿ, ಮುಟ್ಟಲು ಹಿಂಜರಿಯದ ಒಂದು ಕೈ. ರೋಗಿಯನ್ನು ಗುಣಪಡಿಸುವ ಔಷಧ ಜಗತ್ತಿನಲ್ಲಿಯೇ ಇಲ್ಲದ ಕಾಲದಲ್ಲಿ ಕೊಡಲು ಸಾಧ್ಯವಿದ್ದುದು ಇಷ್ಟೇ. ಈ ಇಷ್ಟನ್ನು ಅವರು ಇಪ್ಪತ್ತು ವರ್ಷ ತಪ್ಪದೆ ಕೊಟ್ಟರು. ಸಕ್ಕರೆ ಗುಳಿಗೆಗಿಂತ ಆ ಪಟ್ಟಿಯೇ ಹೆಚ್ಚು ಬೆರಳುಗಳನ್ನು ಉಳಿಸಿರಬೇಕೆಂದು ನಾನು ನಂಬುತ್ತೇನೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ಲೇಗು ಮಂಗಳೂರನ್ನು ತಲುಪಿದಾಗ, ಆ ರೋಗಿಗಳಿಗೂ ಕಂಕನಾಡಿಯಲ್ಲಿ ಪ್ರತ್ಯೇಕ ಆಸ್ಪತ್ರೆಯಾಯಿತು. ಹುಬ್ಬಳ್ಳಿ ಧಾರವಾಡಗಳ ಕಡೆ ಊರಿಗೆ ಊರೇ ಗುಡಿಸಲು ಹಾಕಿಕೊಂಡು ಅಡವಿಗೆ ಹೋಗಿದ್ದ ಪ್ಲೇಗಿನ ಕಥೆಗಳನ್ನು ನಮ್ಮ ಹಿರಿಯರೂ ಹೇಳುವುದುಂಟು. 1910ರ ನವೆಂಬರಿನಲ್ಲಿ ಮುಲ್ಲರರು ಮಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ ಅರವತ್ತೊಂಬತ್ತು ವರ್ಷ ವಯಸ್ಸು. ಆಲದ ಮರದಡಿಯ ಔಷಧಾಲಯಕ್ಕೆ ಆಗ ಮೂವತ್ತು ತುಂಬಿತ್ತು.

ಅವರು ಕಾಣದೇ ಹೋದ ಔಷಧ ಬಂದುದು ಮತ್ತೂ ಮೂರು ದಶಕಗಳ ನಂತರ. 1941ರಲ್ಲಿ ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠದ ಆಸ್ಪತ್ರೆಯಲ್ಲಿ ಡಾಕ್ಟರ್ ಫ್ಯಾಗೆ ಅವರು ಪ್ರೋಮಿನ್ ಎಂಬ ಗಂಧಕಯುಕ್ತ ಔಷಧವನ್ನು ಚುಚ್ಚಿ ನೋಡಿದರು, ಹುಣ್ಣುಗಳು ಒಣಗತೊಡಗಿದವು. ಅದರ ಬೆನ್ನಿಗೆ ಅದೇ ಕುಲದ ಅಗ್ಗದ ಗುಳಿಗೆ ಡ್ಯಾಪ್ಸೋನ್ ಬಳಕೆಗೆ ಬಂತು. ಮದ್ರಾಸ್ ಪ್ರಾಂತದಲ್ಲಿ ಡಾಕ್ಟರ್ ಕಾಕ್ರೇನ್ ಅವರು ಅದರ ಪ್ರಯೋಗ ನಡೆಸಿದರು. ವರ್ಷಗಟ್ಟಲೆ, ಕೆಲವರು ಬದುಕಿರುವವರೆಗೂ, ಆ ಗುಳಿಗೆ ನುಂಗಬೇಕಾಗಿತ್ತು. ನಡುವೆ ಬಿಟ್ಟವರು ಬಹಳ. ಕ್ರಿಮಿಯೂ ಒಂದೇ ಔಷಧಕ್ಕೆ ಮಣಿಯದೆ ಗಟ್ಟಿಯಾಯಿತು. ಅದಕ್ಕಾಗಿ 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹು ಔಷಧ ಪದ್ಧತಿಯನ್ನು ಸೂಚಿಸಿತು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಎಂಬ ಔಷಧಗಳನ್ನು ಕೂಡಿಸಿ, ರೋಗದ ಪ್ರಮಾಣವನ್ನು ನೋಡಿಕೊಂಡು ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಕೊಡುವುದು ಅದರ ಕ್ರಮ. ಗುಳಿಗೆ ಆರಂಭಿಸಿದ ಸ್ವಲ್ಪ ದಿನಗಳಲ್ಲಿಯೇ ಆ ವ್ಯಕ್ತಿಯಿಂದ ಬೇರೆಯವರಿಗೆ ರೋಗ ತಗಲುವುದು ನಿಲ್ಲುತ್ತದೆ. ಸರಕಾರಿ ದವಾಖಾನೆಗಳಲ್ಲಿ ಇದು ಪುಕ್ಕಟೆಯಾಗಿ ಸಿಗುತ್ತದೆ. 2005ರ ಕೊನೆಯ ಹೊತ್ತಿಗೆ ದೇಶದಲ್ಲಿ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಉಳಿದಿದ್ದರು. ಹಾಗೆಂದು ರೋಗ ಅಳಿದುಹೋಗಿಲ್ಲ. ಇಂದಿಗೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಭಾರತದಲ್ಲಿ ಪತ್ತೆಯಾಗುತ್ತಿದ್ದಾರೆ.

ಅಂಥವರಲ್ಲಿ ಒಬ್ಬರು ನಮ್ಮ ಓಣಿಯವರೇ. ನಾವು ಅವರನ್ನು ಚಿಗವ್ವ ಎಂದು ಕರೆಯುತ್ತೇವೆ. ಬೆನ್ನಿನ ಮೇಲೆ, ಮೊಣಕೈಯ ಮೇಲೆ ಮಚ್ಚೆಗಳಿದ್ದವು. ಮಗಳ ಲಗ್ನ ಗೊತ್ತಾಗುವವರೆಗೆ ಸೆರಗು ಹೊದ್ದು ಮುಚ್ಚಿಕೊಂಡೇ ಇದ್ದರು. ತೋರಿಸಿದರೆ ಬೀಗರು ಹಿಂದೆ ಸರಿಯುತ್ತಾರೆಂಬ ಅಂಜಿಕೆ. ಅಷ್ಟರಲ್ಲಿ ಎಡಗೈಯ ಕಿರುಬೆರಳು, ಉಂಗುರಬೆರಳು ಮಡಚಿಕೊಂಡವು. ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಮನೆಮನೆ ತಿರುಗಿ ಮೈಮೇಲಿನ ಮಚ್ಚೆ ವಿಚಾರಿಸುತ್ತ ಬಂದಾಗ ವಿಷಯ ಹೊರಬಿತ್ತು. ಚಿಗವ್ವ ಹನ್ನೆರಡು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದರು. ರೋಗ ಹೋಗಿದೆ ಎಂದು ಡಾಕ್ಟರು ಹೇಳಿಯೂ ಆಯಿತು. ಆದರೂ ಅವರ ಗಂಗಾಳ ಇನ್ನೂ ಬೇರೆ, ಚರಿಗೆ ಬೇರೆ. ರೊಟ್ಟಿಯನ್ನು ಸೊಸೆ ಮೇಲಿನಿಂದ ಹಾಕುತ್ತಾಳೆ. ಓದಿದವನೆಂದು ನನ್ನನ್ನು ಕರೆದು ಕೇಳಿದ್ದರಿಂದ, ನಾನು ಅವರ ಮನೆಯವರಿಗೆ ಇದನ್ನೆಲ್ಲ ವಿವರಿಸಿದ್ದೇನೆ. ಅವರ ಮಗ ತಲೆಯಾಡಿಸಿ ಕೇಳಿಕೊಂಡ. ಮರುದಿನವೂ ಗಂಗಾಳ ಬಚ್ಚಲ ಗೂಡಿನಲ್ಲಿಯೇ ಇತ್ತು. ನಾನೀಗ ವಾರಕ್ಕೊಮ್ಮೆ ಚಿಗವ್ವನ ಮನೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ಚಹ ಕುಡಿಯುತ್ತೇನೆ. ಸೊಸೆ ನೋಡುತ್ತಿರುತ್ತಾಳೆ.

1898ರ ಆ ಕಾಯಿದೆಯನ್ನು ನಮ್ಮ ಸಂಸತ್ತು ರದ್ದು ಮಾಡಿದ್ದು 2016ರಲ್ಲಿ. ಕುಷ್ಠವಿದೆಯೆಂಬ ಕಾರಣದಿಂದ ಗಂಡನಾಗಲಿ ಹೆಂಡತಿಯಾಗಲಿ ವಿಚ್ಛೇದನ ಕೇಳಬಹುದೆಂಬ ನಿಯಮ ಹೋದದ್ದು 2019ರಲ್ಲಿ. ರೋಗಕ್ಕೆ ಔಷಧ ಸಿಕ್ಕಿ ಎಪ್ಪತ್ತೆಂಟು ವರ್ಷಗಳಾದ ಮೇಲೆ! ಕಾನೂನು ಪುಸ್ತಕದಿಂದ ಒಂದು ಸಾಲು ಹೋಗಲು ಇಷ್ಟು ಕಾಲ ಹಿಡಿಯಿತೆಂದರೆ, ಬಚ್ಚಲ ಗೂಡಿನಿಂದ ಒಂದು ಗಂಗಾಳ ಅಡುಗೆಮನೆಗೆ ಬರಲು ಎಷ್ಟು ಕಾಲ ಬೇಕೋ ತಿಳಿಯದು.

ಕಂಕನಾಡಿಯ ಔಷಧಾಲಯ ಮುಲ್ಲರರ ನಂತರವೂ ಬೆಳೆಯುತ್ತ ಹೋಯಿತು. ಅವರು ನೆಚ್ಚಿದ ಹೋಮಿಯೋಪಥಿಗೆ 1985ರಲ್ಲಿ ಅಲ್ಲಿ ಒಂದು ಕಾಲೇಜಾಯಿತು. 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಅವೆಲ್ಲಕ್ಕೂ ಅವರದೇ ಹೆಸರು. ಮುಲ್ಲರರು ಗುತ್ತೇದಾರರಲ್ಲ, ಮೇಷ್ಟ್ರು ಎಂದು ನಾನು ಹೇಳಿದಾಗ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದವಾಖಾನೆಯಲ್ಲಿ ಈಗಲೂ ಕುಷ್ಠದವರನ್ನು ನೋಡುತ್ತಾರೆಯೇ ಎಂದು ಕೇಳಿದರು. ಈಗ ಅದಕ್ಕೆ ಮಂಗಳೂರಿಗೆ ಹೋಗಬೇಕಾಗಿಲ್ಲ, ರೋಣದ ಸರಕಾರಿ ದವಾಖಾನೆಯಲ್ಲಿಯೇ ಗುಳಿಗೆ ಕೊಡುತ್ತಾರೆ ಎಂದು ಹೇಳಿದೆ.